ಸಿಗದ ‘ಹೋಗ್ಯಾನ’: ಉಪಭಾಷಾ ದತ್ತಾಂಶ ಮತ್ತು ಎಸ್‌ಕ್ಯೂಲೈಟ್

ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರಗಳ ಆಡುಮಾತನ್ನು ಹೋಲಿಸುವ ಸಂಶೋಧಕರಿಗೆ ‘ಈ ರೂಪ ಇಲ್ಲಿ ದೊರೆಯದು’ ಎಂಬುದೂ ಒಂದು ಫಲಿತವೇ. ಆದರೆ ಆ ಕೊರತೆ ಮಾತಿನದೋ ಬೆರಳಚ್ಚಿನದೋ ಎಂಬುದು ಮೊದಲು ತಿಳಿಯಬೇಕು.

ಕ್ಷೇತ್ರಕಾರ್ಯಕ್ಕೆ ಎಸ್‌ಕ್ಯೂಲೈಟ್ ತಕ್ಕ ಸಾಧನ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ತಂತ್ರಾಂಶ ಹಕ್ಕುಸ್ವಾಮ್ಯಮುಕ್ತವಾದುದು. ಅದಕ್ಕೆ ಸರ್ವರ್ ಬೇಡ, ಅಂತರಜಾಲವೂ ಬೇಡ. ಮಾಹಿತಿದಾರರು, ಊರುಗಳು, ಉಕ್ತಿಗಳು, ಧ್ವನಿಮುದ್ರಣದ ವಿವರಗಳು ಎಲ್ಲವೂ ಒಂದೇ ಕಡತದಲ್ಲಿ ಕೋಷ್ಟಕಗಳಾಗಿ ನಿಲ್ಲುತ್ತವೆ. ಪೈಥಾನ್‌ನೊಡನೆ ಇದರ ಸಂಪರ್ಕಘಟಕ 2006ರಿಂದಲೂ ಬರುತ್ತಿದೆ. ಒಮ್ಮೆಗೆ ಒಬ್ಬರಷ್ಟೇ ಬರೆಯಬಲ್ಲರು ಎಂಬ ಮಿತಿ ಸಣ್ಣ ತಂಡಕ್ಕೆ ಭಾರವಾಗದು.

ತೊಡಕಿರುವುದು ಹೋಲಿಕೆಯಲ್ಲಿ. ಬೇರೆ ಸೂಚನೆ ಕೊಡದಿದ್ದರೆ ಎಸ್‌ಕ್ಯೂಲೈಟ್ ಪಠ್ಯವನ್ನು ಬೈಟುಗಳಾಗಿ ಹೋಲಿಸುತ್ತದೆ. ಯೂನಿಕೋಡ್ ಸಮಾನತೆಯನ್ನು ಅದು ಅರಿಯದು. ಶಿಷ್ಟ ಕನ್ನಡದ ‘ಹೋಗಿದ್ದಾನೆ’ಗೆ ಈ ಭಾಗದಲ್ಲಿ ‘ಹೋಗ್ಯಾನ’ ಎನ್ನುತ್ತಾರೆ. ಇದರಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತಬಿಂದುವಾಗಿ ಬರೆಯಬಹುದು; ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆಗಳೆಂದು ಮೂರು ಬಿಂದುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯುಟಿಎಫ್-8ರಲ್ಲಿ ಮೊದಲನೆಯದು 7 ಬಿಂದು, 21 ಬೈಟ್. ಎರಡನೆಯದು 9 ಬಿಂದು, 27 ಬೈಟ್. (ನಾವು ಓದುವ ಅಕ್ಷರಗಳು ಮೂರೇ, ಉದ್ದ ಎಣಿಸುವ ಆಜ್ಞೆಯನ್ನು ನಂಬಿ ಅಕ್ಷರಸಂಖ್ಯೆ ಹೇಳುವವರು ಇದನ್ನೂ ಗಮನಿಸಬೇಕು.) ತಿಕೋಟಾದ ಮುದ್ರಣಗಳನ್ನು ಲಿಪಿಗಿಳಿಸಿದವರ ಕೀಲಿಮಣೆ ಎರಡನೆಯ ಬಗೆಯದು, ಉಳಿದವರದು ಮೊದಲನೆಯದು ಎಂದುಕೊಳ್ಳೋಣ. ಆಗ ತಿಕೋಟಾದಲ್ಲಿ ‘ಹೋಗ್ಯಾನ’ ಸೊನ್ನೆ ಬಾರಿ ಎಂದೇ ಉತ್ತರ ಬರುತ್ತದೆ, ಯಾವ ದೋಷಸೂಚನೆಯೂ ಇಲ್ಲದೆ. ಇಲ್ಲದ ಉಪಭಾಷಾ ಗಡಿಯೊಂದನ್ನು ನಕ್ಷೆಯ ಮೇಲೆ ಎಳೆಯಲು ಇಷ್ಟು ಸಾಕು.

ಆದ್ದರಿಂದ ಸೇರಿಸುವ ಪಠ್ಯವನ್ನೂ ಹುಡುಕುವ ಪದವನ್ನೂ ಪೈಥಾನ್‌ನಲ್ಲಿ ಎನ್‌ಎಫ್‌ಸಿ ಎಂಬ ಪ್ರಮಾಣರೂಪಕ್ಕೆ ತರಬೇಕು. ಮೂಲ ಬರಹ ಇನ್ನೊಂದು ಸ್ತಂಭದಲ್ಲಿ ಇದ್ದ ಹಾಗೆಯೇ ಉಳಿಯಲಿ. ಎನ್‌ಎಫ್‌ಸಿ ಎಲ್ಲವನ್ನೂ ಸರಿಪಡಿಸುವುದಿಲ್ಲ: ಒತ್ತಕ್ಷರವನ್ನು ತಡೆಯುವ ಅಗೋಚರ ಚಿಹ್ನೆಯನ್ನು ಅದು ಮುಟ್ಟದು. ಹಾಗಾಗಿ ‘ಮಾಡ್ತಾನ’, ‘ಮಾಡ್‌ತಾನ’ ಬೇರೆಬೇರೆಯಾಗಿಯೇ ಉಳಿಯುತ್ತವೆ. ಲಿಪಿಗಿಳಿಸಿದವರು ಆ ಚಿಹ್ನೆಯಿಂದ ಉಚ್ಚಾರದ ಬಿಡುವನ್ನು ಸೂಚಿಸಿರಬಹುದು. ಅದನ್ನು ಅಳಿಸುವ ತೀರ್ಮಾನ ಭಾಷಾವಿಜ್ಞಾನಿಯದೇ ಹೊರತು ತಂತ್ರಾಂಶದ್ದಲ್ಲ. ಹುಡುಕಾಟದ ಸ್ತಂಭದಿಂದ ಮಾತ್ರ ತೆಗೆಯುವುದು ನನ್ನ ರೂಢಿ.

ಊರಿನ ಹೆಸರುಗಳಿಗೂ ಇಂಥದೇ ಎಚ್ಚರ ಬೇಕು. 2014ರ ನವೆಂಬರ್ 1ಕ್ಕೆ ಮೊದಲಿನ ಟಿಪ್ಪಣಿಗಳಲ್ಲಿ ವಿಜಯಪುರ ‘ಬಿಜಾಪುರ’ವಾಗಿರುತ್ತದೆ, ತಿಕೋಟಾ, ಬಬಲೇಶ್ವರಗಳು ಪ್ರತ್ಯೇಕ ತಾಲ್ಲೂಕುಗಳಾದದ್ದು ಇನ್ನೂ ಈಚೆಗೆ. ಪ್ರತಿ ಊರಿಗೂ ಬದಲಾಗದ ಕ್ರಮಸಂಖ್ಯೆ ಕೊಟ್ಟು, ಹೆಸರನ್ನೂ ತಾಲ್ಲೂಕನ್ನೂ ಕಾಲಸೂಚನೆಯೊಡನೆ ಬೇರೊಂದು ಕೋಷ್ಟಕದಲ್ಲಿ ಇಡುವುದು ಲೇಸು.