ಆಸ್ಪತ್ರೆಯ ಖರ್ಚು ಯಾರ ಪಾಲಿಗೆ? ಕೆನಡಾ ದೇಶದ ಎರಡು ಬೊಕ್ಕಸಗಳ ಕಥೆ

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮಲ್ಲಿ ಮನೆಮಾತಾಗಿದೆ. ಮನೆಯ ಹಿರಿಯರಿಬ್ಬರು ಹೊಣೆಯನ್ನು ಒಬ್ಬರ ಮೇಲೊಬ್ಬರು ಹೊರಿಸುತ್ತ ಕುಳಿತರೆ ತುತ್ತು ತಪ್ಪುವುದು ಮಾತು ಬಾರದ ಮಗುವಿಗೆ. ಈ ಗಾದೆ ಸಂಸಾರಕ್ಕೆ ಸಲ್ಲುವಂತೆ ದೇಶಕ್ಕೂ ಸಲ್ಲುತ್ತದೆ. ಪ್ರಜೆಗಳ ಆರೋಗ್ಯಕ್ಕೆ ಹಣ ಒದಗಿಸಬೇಕಾದವರು ಕೇಂದ್ರದವರೋ ಪ್ರಾಂತದವರೋ ಎಂಬ ವಾದವನ್ನು ದೀರ್ಘಕಾಲದಿಂದ ನಡೆಸುತ್ತ ಬಂದಿರುವ ದೇಶ ಕೆನಡಾ.

ನಮ್ಮ ನಾಡಿನ ಅನೇಕ ಕುಟುಂಬಗಳ ಮಕ್ಕಳು ಇಂದು ಟೊರಾಂಟೊ, ವ್ಯಾಂಕೂವರ್, ಕ್ಯಾಲ್ಗರಿ ನಗರಗಳಲ್ಲಿ ನೆಲೆಸಿದ್ದಾರೆ. "ಅಲ್ಲಿ ಆಸ್ಪತ್ರೆಗೆ ದುಡ್ಡೇ ಕೊಡಬೇಕಾಗಿಲ್ಲವಂತೆ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ರೋಗಿ ಕೊಡುವುದಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಆದರೆ ಯಾರಾದರೊಬ್ಬರು ಕೊಡಲೇಬೇಕಲ್ಲವೇ? ಆ ಯಾರಾದರೊಬ್ಬರು ಯಾರು ಎಂಬುದೇ ಈ ಲೇಖನದ ವಿಚಾರ.

ಹೊಣೆ ಒಬ್ಬರದು, ಹಣ ಇನ್ನೊಬ್ಬರದು

1867ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಂಗೀಕರಿಸಿದ ಶಾಸನದಿಂದ ಕೆನಡಾ ಒಕ್ಕೂಟವು ಅಸ್ತಿತ್ವಕ್ಕೆ ಬಂದಿತು. ಆಸ್ಪತ್ರೆಗಳ ಸ್ಥಾಪನೆ ಮತ್ತು ಆಡಳಿತವನ್ನು ಆ ಶಾಸನವು ಪ್ರಾಂತಗಳಿಗೆ ವಹಿಸಿತು. ನಾವಿಕರ ಆಸ್ಪತ್ರೆಗಳು, ಹಡಗಿನಲ್ಲಿ ಬರುವ ಅಂಟುರೋಗಗಳ ತಡೆ, ಮೂಲನಿವಾಸಿಗಳ ವ್ಯವಹಾರ ಇವು ಒಟ್ಟಾವಾದ ಒಕ್ಕೂಟ ಸರಕಾರಕ್ಕೆ ಉಳಿದವು. ಆ ಕಾಲದಲ್ಲಿ ಆಸ್ಪತ್ರೆಯೆಂದರೆ ಬಹುತೇಕ ಧರ್ಮಸಂಸ್ಥೆಗಳು ಬಡವರಿಗಾಗಿ ನಡೆಸುತ್ತಿದ್ದ ಸೇವಾಕಾರ್ಯ. ಮುಂದೊಂದು ದಿನ ಅದೇ ಪ್ರಾಂತದ ಮುಂಗಡಪತ್ರದ ಅತಿದೊಡ್ಡ ಬಾಬಾದೀತೆಂದು ಆಗ ಯಾರೂ ಎಣಿಸಿರಲಿಲ್ಲ. ಹೀಗೆ ರೋಗಿಯ ಹೊಣೆ ಪ್ರಾಂತಗಳದಾಯಿತು; ತೆರಿಗೆ ಎತ್ತುವ ಹೆಚ್ಚು ವಿಶಾಲವಾದ ಅಧಿಕಾರ ಒಟ್ಟಾವಾದ ಕೈಯಲ್ಲಿ ಉಳಿಯಿತು. ಮುಂದಿನ ತಕರಾರುಗಳ ಬೇರು ಇಲ್ಲಿದೆ.

ಗೋಧಿಯ ಸೀಮೆ ತೋರಿದ ದಾರಿ

ದಾರಿ ತೋರಿದ್ದು ಶ್ರೀಮಂತ ಪ್ರಾಂತವಲ್ಲ, ಗೋಧಿ ಬೆಳೆಯುವ ಸಾಸ್ಕಾಚೆವಾನ್. ಅಲ್ಲಿನ ಹಳ್ಳಿಗರು 1910ರ ದಶಕದಲ್ಲಿಯೇ ತೆರಿಗೆಯ ಹಣ ಕೂಡಿಸಿ ವೈದ್ಯರಿಗೆ ಸಂಬಳ ಕೊಟ್ಟು ಊರಿನಲ್ಲಿ ಇರಿಸಿಕೊಳ್ಳುವ ಪದ್ಧತಿಯನ್ನು ಆರಂಭಿಸಿದ್ದರು. 1944ರಲ್ಲಿ ಆ ಪ್ರಾಂತದ ಪ್ರಧಾನರಾದವರು ಟಾಮಿ ಡಗ್ಲಾಸ್. ಬಾಲ್ಯದಲ್ಲಿ ಮೂಳೆಯ ಸೋಂಕಿನಿಂದ ಅವರ ಕಾಲನ್ನೇ ಕತ್ತರಿಸಬೇಕಾದ ಪ್ರಸಂಗ ಒದಗಿತ್ತು. ವಿದ್ಯಾರ್ಥಿಗಳಿಗೆ ಚಿಕಿತ್ಸೆಯನ್ನು ತೋರಿಸಲು ಒಪ್ಪಿದರೆ ಶುಲ್ಕವಿಲ್ಲದೆ ಶಸ್ತ್ರಕ್ರಿಯೆ ಮಾಡುವೆನೆಂದು ವಿನಿಪೆಗ್ ನಗರದ ವೈದ್ಯರೊಬ್ಬರು ಮುಂದೆ ಬಂದುದರಿಂದ ಕಾಲು ಉಳಿಯಿತು. ಮಗುವಿನ ಕಾಲು ಉಳಿಯುವುದು ವೈದ್ಯನ ಔದಾರ್ಯವನ್ನು ಅವಲಂಬಿಸಬಾರದು ಎಂಬ ನಿಶ್ಚಯ ಅವರಲ್ಲಿ ಬೇರೂರಿತು.

1947ರಲ್ಲಿ ಅವರ ಸರಕಾರ ಆಸ್ಪತ್ರೆಯ ಖರ್ಚಿಗೆ ಸಾರ್ವತ್ರಿಕ ವಿಮೆಯನ್ನು ಜಾರಿಗೆ ತಂದಿತು. ಹತ್ತು ವರ್ಷಗಳ ಬಳಿಕ, 1957ರಲ್ಲಿ, ಇಂಥ ಯೋಜನೆ ನಡೆಸುವ ಪ್ರಾಂತಗಳ ವೆಚ್ಚದಲ್ಲಿ ಸುಮಾರು ಅರ್ಧವನ್ನು ಭರಿಸುವುದಾಗಿ ಒಕ್ಕೂಟ ಸರಕಾರ ಕಾಯಿದೆ ಮಾಡಿತು. ಒಟ್ಟಾವಾದ ಹಣ ಬಂದೊಡನೆ ಸಾಸ್ಕಾಚೆವಾನಿನ ಬೊಕ್ಕಸಕ್ಕೆ ಉಸಿರಾಡಲು ಅವಕಾಶವಾಯಿತು. ಆ ಬಲದಿಂದ 1962ರ ಜುಲೈ 1ರಂದು ವೈದ್ಯರ ಶುಲ್ಕವನ್ನೂ ವಿಮೆಯೊಳಗೆ ತರಲಾಯಿತು. ಪ್ರತಿಭಟಿಸಿದ ವೈದ್ಯರು 23 ದಿನ ಮುಷ್ಕರ ಹೂಡಿ, ಕೊನೆಗೆ ಒಪ್ಪಂದಕ್ಕೆ ಬಂದರು. 1966ರ ಒಕ್ಕೂಟ ಕಾಯಿದೆಯು ಈ ಯೋಜನೆಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. 1972ರ ಹೊತ್ತಿಗೆ ಎಲ್ಲ ಪ್ರಾಂತಗಳೂ ಅದನ್ನು ಸ್ವೀಕರಿಸಿದ್ದವು. ಒಂದು ಪ್ರಾಂತ ಪ್ರಯೋಗ ಮಾಡಿತು, ಕೇಂದ್ರವು ಹಣ ಕೊಟ್ಟು ಅದನ್ನು ರಾಷ್ಟ್ರದ ಸೊತ್ತಾಗಿಸಿತು. ಇಬ್ಬರು ಹಂಚಿಕೊಂಡ ಹೊಣೆಯ ಉಜ್ವಲ ಮುಖವಿದು.

ಹಣದ ಜೊತೆಗೆ ಷರತ್ತು

ಆಸ್ಪತ್ರೆ ನಡೆಸುವ ಅಧಿಕಾರ ಒಟ್ಟಾವಾಕ್ಕೆ ಇಲ್ಲ. ಆದರೆ ಹಣ ಕೊಡುವವನು ಷರತ್ತು ಹಾಕಬಲ್ಲ. 1984ರ ಕೆನಡಾ ಆರೋಗ್ಯ ಕಾಯಿದೆ ಐದು ಷರತ್ತುಗಳನ್ನು ಹಾಕಿತು. ಯೋಜನೆಯ ಆಡಳಿತ ಸಾರ್ವಜನಿಕವಾಗಿರಬೇಕು. ಅಗತ್ಯವಾದ ಆಸ್ಪತ್ರೆ ಮತ್ತು ವೈದ್ಯ ಸೇವೆಗಳೆಲ್ಲ ಅದರಲ್ಲಿ ಸೇರಿರಬೇಕು. ಎಲ್ಲ ನಿವಾಸಿಗಳಿಗೂ ಸಮಾನವಾಗಿ ದೊರೆಯಬೇಕು. ಪ್ರಾಂತ ಬಿಟ್ಟು ಪ್ರಾಂತಕ್ಕೆ ಹೋದರೂ ರಕ್ಷಣೆ ತಪ್ಪಬಾರದು. ಹಣದ ಅಡ್ಡಿಯಿಂದ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು. ರೋಗಿಯಿಂದ ಹೆಚ್ಚುವರಿ ಶುಲ್ಕ ವಸೂಲಾದರೆ, ಅಷ್ಟೇ ಮೊತ್ತವನ್ನು ಆ ಪ್ರಾಂತದ ಅನುದಾನದಿಂದ ಕಡಿತ ಮಾಡಲಾಗುವುದು. ಒಂಟಾರಿಯೊ ಪ್ರಾಂತ 1986ರಲ್ಲಿ ಇಂಥ ಶುಲ್ಕವನ್ನು ನಿಷೇಧಿಸಿದಾಗ ಅಲ್ಲಿಯ ವೈದ್ಯರು 25 ದಿನ ಮುಷ್ಕರ ನಡೆಸಿದರೂ ಸರಕಾರ ಹಿಂದೆಗೆಯಲಿಲ್ಲ.

ಇಲ್ಲಿ ನಮ್ಮ ಓದುಗ ಬಂಧುಗಳು ಒಂದು ವಿಷಯವನ್ನು ಮನಗಾಣಬೇಕು. ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧಿ, ಸಾಮಾನ್ಯ ದಂತಚಿಕಿತ್ಸೆ, ಕನ್ನಡಕ ಇವು ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲದೆ ಈ ರಕ್ಷಣೆ ನಿವಾಸಿಗಳಿಗೇ ಹೊರತು ಅತಿಥಿಗಳಿಗಲ್ಲ. ಮಗಳ ಬಾಣಂತನಕ್ಕೆಂದು ಹೋಗುವ ತಾಯಿಗೆ ಆ ಆಸ್ಪತ್ರೆ ಉಚಿತವಲ್ಲ. ತಂದೆತಾಯಿಗಳು ದೀರ್ಘಕಾಲ ತಂಗಲು ಕೊಡುವ ಸೂಪರ್ ವೀಸಾಕ್ಕೆ ಕನಿಷ್ಠ ಒಂದು ಲಕ್ಷ ಡಾಲರ್ ಮೊತ್ತದ, ಕನಿಷ್ಠ ಒಂದು ವರ್ಷದ ಖಾಸಗಿ ವಿಮೆ ಕಡ್ಡಾಯವಾಗಿದೆ.

ಕೊಟ್ಟ ಹೊಲದ ಫಸಲು ಯಾರದು?

ವೆಚ್ಚದ ಅರ್ಧವನ್ನು ಕೊಡುವ ಪದ್ಧತಿ 1977ರಲ್ಲಿ ಕೊನೆಗೊಂಡಿತು. ಅದರ ಬದಲು ಒಟ್ಟಾವಾ ತನ್ನ ತೆರಿಗೆಯ ದರವನ್ನು ಸ್ವಲ್ಪ ಇಳಿಸಿ, ಆ ಜಾಗದಲ್ಲಿ ಪ್ರಾಂತಗಳು ತಮ್ಮ ತೆರಿಗೆಯನ್ನು ಏರಿಸಿಕೊಳ್ಳಲು ಬಿಟ್ಟಿತು. ಅದರೊಂದಿಗೆ ನಗದು ಅನುದಾನವನ್ನೂ ಕೊಟ್ಟಿತು. ತಂದೆಯೊಬ್ಬ ಮಗನಿಗೆ ಹೊಲವನ್ನು ಬಿಟ್ಟುಕೊಟ್ಟು, "ಪ್ರತಿವರ್ಷದ ಫಸಲೂ ನಾನು ಕೊಟ್ಟದ್ದೇ" ಎಂದು ಲೆಕ್ಕ ಹೇಳುವಂತೆ ಒಟ್ಟಾವಾ ಹೇಳುತ್ತ ಬಂದಿತು. "ಹೊಲ ನನ್ನದಾಗಿ ಎಷ್ಟೋ ಕಾಲವಾಯಿತು, ಈಗ ಕೈಗೆ ಬರುವ ನಗದೆಷ್ಟು ಹೇಳು" ಎನ್ನುವ ಮಗನಂತೆ ಪ್ರಾಂತಗಳು ಉತ್ತರಿಸುತ್ತ ಬಂದವು. ಲೆಕ್ಕ ಒಂದೇ ಆದರೂ ಉತ್ತರ ಎರಡು.

1990ರ ದಶಕದಲ್ಲಿ ಸಾಲದ ಭಾರಕ್ಕೆ ನಲುಗಿದ ಒಕ್ಕೂಟ ಸರಕಾರ ತನ್ನ 1995ರ ಮುಂಗಡಪತ್ರದಲ್ಲಿ ಈ ಅನುದಾನವನ್ನು ತೀವ್ರವಾಗಿ ಕಡಿತಗೊಳಿಸಿತು. ಆ ದಶಕದಲ್ಲಿ ಹಲವು ಪ್ರಾಂತಗಳು ಆಸ್ಪತ್ರೆಗಳನ್ನು ಮುಚ್ಚಿದವು, ಕೆಲವನ್ನು ವಿಲೀನಗೊಳಿಸಿದವು. ಸಾಸ್ಕಾಚೆವಾನಿನ ಮಾಜಿ ಪ್ರಧಾನ ರಾಯ್ ರೊಮಾನೊ ಅವರ ಆಯೋಗವು 2002ರಲ್ಲಿ ಒಕ್ಕೂಟದ ಪಾಲು ಸ್ಥಿರವಾಗಿರಬೇಕೆಂದು ಶಿಫಾರಸು ಮಾಡಿತು. 2004ರಲ್ಲಿ ಹತ್ತು ವರ್ಷಗಳ ಒಪ್ಪಂದವಾಗಿ ಅನುದಾನ ವರ್ಷಕ್ಕೆ ಶೇಕಡಾ 6ರಂತೆ ಏರತೊಡಗಿತು. 2017ರಿಂದ ಆ ಏರಿಕೆಯನ್ನು ದೇಶದ ಉತ್ಪನ್ನದ ಬೆಳವಣಿಗೆಗೆ ಹೊಂದಿಸಿ, ಕನಿಷ್ಠ ಶೇಕಡಾ 3 ಎಂದು ಗೊತ್ತುಪಡಿಸಲಾಯಿತು. ಕೋವಿಡ್ ಮಾರಿಯ ಬಳಿಕ ಪ್ರಾಂತಗಳ ಪ್ರಧಾನರು ಒಗ್ಗೂಡಿ, ಒಕ್ಕೂಟದ ಪಾಲು ತಮ್ಮ ಲೆಕ್ಕದಂತೆ ಶೇಕಡಾ 22 ಮಾತ್ರ, ಅದು 35 ಆಗಬೇಕೆಂದು ಕೇಳಿದರು. 2023ರ ಫೆಬ್ರವರಿಯಲ್ಲಿ ಒಟ್ಟಾವಾ ಹತ್ತು ವರ್ಷಗಳಿಗೆ 19,600 ಕೋಟಿ ಡಾಲರ್ ಕೊಡುವುದಾಗಿ ಸಾರಿತು. ಅದರಲ್ಲಿ ಹೊಸ ಹಣ 4,600 ಕೋಟಿ ಮಾತ್ರ. ಪ್ರಧಾನರು ಸಾಲದೆನ್ನುತ್ತಲೇ ಒಪ್ಪಿಕೊಂಡರು.

ಮನೆ ಕಾಣದ ಕಂದ

ಈ ಕೋಟಿಗಳ ನಡುವೆ ಒಂದು ಮಗುವಿನ ಕಥೆಯನ್ನು ಹೇಳದಿದ್ದರೆ ಲೇಖನ ಪೂರ್ಣವಾಗದು. ಮೂಲನಿವಾಸಿಗಳ ಹೊಣೆ ಒಕ್ಕೂಟದ್ದು, ಆಸ್ಪತ್ರೆಯ ಹೊಣೆ ಪ್ರಾಂತದ್ದು ಎಂದೆವಷ್ಟೆ. ಮನಿಟೋಬಾ ಪ್ರಾಂತದ ನಾರ್ವೆ ಹೌಸ್ ಕ್ರೀ ಸಮುದಾಯದಲ್ಲಿ 1999ರಲ್ಲಿ ಹುಟ್ಟಿದ ಜೋರ್ಡಾನ್ ರಿವರ್ ಆ್ಯಂಡರ್ಸನ್ ಎಂಬ ಶಿಶು ಈ ಎರಡು ಹೊಣೆಗಳ ಗಡಿಯಲ್ಲಿ ಸಿಲುಕಿತು. ಜನ್ಮತಃ ತೀವ್ರ ಕಾಯಿಲೆಯಿದ್ದ ಆ ಮಗುವನ್ನು ಆಸ್ಪತ್ರೆಯಿಂದ ಹೊರಗೆ, ಮನೆಯ ಆರೈಕೆಗೆ ಕಳಿಸಬಹುದೆಂದು ವೈದ್ಯರು ಹೇಳಿದರು. ಆ ಆರೈಕೆಯ ಖರ್ಚು ಯಾರದೆಂದು ಎರಡು ಸರಕಾರಗಳು ಎರಡು ವರ್ಷಗಳಿಗೂ ಹೆಚ್ಚು ಕಾಲ ವಾದಿಸಿದವು. 2005ರಲ್ಲಿ, ಐದು ವರ್ಷದ ಪ್ರಾಯದಲ್ಲಿ, ಜೋರ್ಡಾನ್ ಆಸ್ಪತ್ರೆಯಲ್ಲಿಯೇ ಕಣ್ಣು ಮುಚ್ಚಿದ. ತನ್ನ ಮನೆಯಲ್ಲಿ ಅವನು ಒಂದು ದಿನವೂ ಬಾಳಲಿಲ್ಲ.

2007ರ ಡಿಸೆಂಬರಿನಲ್ಲಿ ಕೆನಡಾದ ಕೆಳಮನೆ "ಜೋರ್ಡಾನ್ ತತ್ವ"ವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಮಗುವಿನ ಬೇಡಿಕೆ ಯಾವ ಸರಕಾರದ ಬಾಗಿಲಿಗೆ ಮೊದಲು ಬರುವುದೋ ಆ ಸರಕಾರ ಮೊದಲು ಖರ್ಚು ಮಾಡಬೇಕು. ಪಾಲಿನ ತಕರಾರನ್ನು ಆಮೇಲೆ ತೀರಿಸಿಕೊಳ್ಳಬೇಕು. ತತ್ವ ಸರಳ, ಆಚರಣೆ ಕಠಿಣ. ಅದನ್ನು ಪೂರ್ಣವಾಗಿ ಜಾರಿಗೊಳಿಸಿರೆಂದು ಕೆನಡಾದ ಮಾನವ ಹಕ್ಕುಗಳ ನ್ಯಾಯಮಂಡಳಿಯೇ 2016ರಲ್ಲಿ ಆಜ್ಞಾಪಿಸಬೇಕಾಯಿತು.

ನಮ್ಮ ಸಂವಿಧಾನವೂ ಆಸ್ಪತ್ರೆ ಮತ್ತು ಸಾರ್ವಜನಿಕ ಆರೋಗ್ಯವನ್ನು ರಾಜ್ಯಪಟ್ಟಿಯಲ್ಲಿ ಇರಿಸಿದೆ. 2018ರ ಆಯುಷ್ಮಾನ್ ಭಾರತ ಯೋಜನೆಯ ಖರ್ಚನ್ನು ಬಹುತೇಕ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯಗಳು 60:40ರಂತೆ ಹಂಚಿಕೊಳ್ಳುತ್ತವೆ. ಆದ್ದರಿಂದ ಇದು ಪರದೇಶದ ಕಥೆಯಾದರೂ ಪರಕೀಯವಾದುದಲ್ಲ. ಎರಡು ಬೊಕ್ಕಸಗಳಿರುವುದು ದೋಷವಲ್ಲ. ಒಂದು ಬರಿದಾದಾಗ ಇನ್ನೊಂದು ಕೈಹಿಡಿಯಬಹುದು, ಒಂದರ ಒಳ್ಳೆಯ ಪ್ರಯೋಗ ಎಲ್ಲರದಾಗಬಹುದು. ಆದರೆ ಎರಡು ಸರಕಾರಗಳು ವಾದಿಸುವಾಗ ನಡುವೆ ಮಲಗಿರುವ ರೋಗಿ ಯಾರ ಪಾಲೂ ಆಗದೆ ಉಳಿಯಬಾರದು. ಮೊದಲು ಮದ್ದು, ಆಮೇಲೆ ಲೆಕ್ಕ. ಐದು ವರ್ಷದ ಕಂದನೊಬ್ಬ ತನ್ನ ಪ್ರಾಣದ ಬೆಲೆಗೆ ಒಂದು ದೇಶಕ್ಕೆ ಕಲಿಸಿಹೋದ ಈ ಪಾಠವನ್ನು ಎಲ್ಲ ಸರಕಾರಗಳೂ ನೆನಪಿನಲ್ಲಿಡಲೆಂದು ನಾವು ಹಾರೈಸುತ್ತೇವೆ.