ಕೊಡುಗೆಯೋ ವಿಷವೋ?

ಇಂಗ್ಲಿಷ್ ಬಲ್ಲವನೊಬ್ಬನು ಜರ್ಮನಿಯ ರಸಾಯನಶಾಲೆಯೊಂದನ್ನು ಹೊಕ್ಕು, ಅಲ್ಲಿಯ ಸೀಸೆಯೊಂದರ ಮೇಲೆ ‘ಗಿಫ್ಟ್’ ಎಂದು ಬರೆದಿರುವುದನ್ನು ಕಂಡನೆನ್ನೋಣ. ಇದು ಯಾರೋ ಇತ್ತ ಕಾಣಿಕೆಯೆಂದು ಬಗೆದರೆ ಅವನ ಪ್ರಾಣಕ್ಕೇ ಸಂಚಕಾರ! ಇಂಗ್ಲಿಷಿನಲ್ಲಿ ಕೊಡುಗೆ ಎಂಬ ಅರ್ಥವುಳ್ಳ ಈ ಶಬ್ದಕ್ಕೆ ಜರ್ಮನ್ ಭಾಷೆಯಲ್ಲಿ ವಿಷವೆಂದು ಅರ್ಥ. ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳಿಗೆ ಹೋದರೆ ಸೋಜಿಗ ಇಮ್ಮಡಿಯಾಗುತ್ತದೆ. ಅಲ್ಲಿ ಅದೇ ಶಬ್ದಕ್ಕೆ ವಿಷವೆಂಬ ಅರ್ಥವೂ ಉಂಟು. ಮದುವೆಯಾದವರು ಎಂಬ ಅರ್ಥವೂ ಉಂಟು. ಒಂದೇ ಶಬ್ದಕ್ಕೆ ಇಷ್ಟು ದೂರದ ಅರ್ಥಗಳು ಬಂದುದು ಹೇಗೆ?

ಈ ಭಾಷೆಗಳೆಲ್ಲ ಜರ್ಮಾನಿಕ್ ಎಂಬ ಒಂದೇ ಕುಟುಂಬದವು. ಇಂಗ್ಲಿಷಿನ ‘ಗಿವ್’, ಜರ್ಮನಿನ ‘ಗೇಬೆನ್’ ಇವೆರಡಕ್ಕೂ ಕೊಡು ಎಂದು ಅರ್ಥ. ನಮ್ಮಲ್ಲಿ ‘ಕೊಡು’ ಎಂಬುದರಿಂದ ‘ಕೊಡುಗೆ’ ಆದಂತೆ, ಅವುಗಳ ಮೂಲಧಾತುವಿನಿಂದಲೇ ‘ಗಿಫ್ಟ್’ ಹುಟ್ಟಿತು. ಕೊಡುವಿಕೆ ಎಂಬುದೇ ಅದರ ಮೊದಲ ಅರ್ಥ.

ಹೆಣ್ಣನ್ನು ಮದುವೆ ಮಾಡಿ ಕಳುಹಿಸುವುದನ್ನು ನಾವು ‘ಹೆಣ್ಣು ಕೊಡುವುದು’ ಎನ್ನುತ್ತೇವೆ; ಕನ್ಯಾದಾನವೆಂಬ ಮಾತೂ ಇದೆ. ಉತ್ತರ ಯೂರೋಪಿನವರು ಆಡಿದ ಮಾತೂ ಇದೇ. ಮದುವೆಯಲ್ಲಿ ಕೊಡಲ್ಪಟ್ಟವಳು ‘ಗಿಫ್ಟ್’; ಕ್ರಮೇಣ ಗಂಡಿಗೂ ಆ ವಿಶೇಷಣ ಸಂದಿತು. ಪ್ರಾಚೀನ ಇಂಗ್ಲಿಷಿನಲ್ಲಿಯೂ ಈ ಶಬ್ದಕ್ಕೆ ವಧುವಿಗಾಗಿ ತೆರುವ ಹಣ, ಎಂದರೆ ತೆರ, ಎಂದೇ ಅರ್ಥವಿತ್ತು. ಇಂದಿನ ಕೊಡುಗೆಯೆಂಬ ಅರ್ಥವು ವೈಕಿಂಗರ ನುಡಿಯ ಪ್ರಭಾವದಿಂದ ಬಂದುದು. ಜರ್ಮನಿನಲ್ಲಿ ‘ಮಿಟ್‌ಗಿಫ್ಟ್’ ಎಂದರೆ ವಧುವಿನ ಜೊತೆಯಲ್ಲಿ ಕೊಟ್ಟದ್ದು, ನಮ್ಮ ಬಳುವಳಿ. ಹಳೆಯ ಅರ್ಥವು ಆ ಸಮಾಸದಲ್ಲಿ ಇಂದಿಗೂ ಉಳಿದಿದೆ.

ಇನ್ನು ವಿಷದ ಮಾತು. ಗ್ರೀಕ್ ವೈದ್ಯರು ರೋಗಿಗೆ ಒಮ್ಮೆ ಕೊಡುವ ಔಷಧದ ಪ್ರಮಾಣವನ್ನು ‘ದೋಸಿಸ್’ ಎಂದು ಕರೆದರು. ಇಂಗ್ಲಿಷಿನ ‘ಡೋಸ್’ ಇದರಿಂದಲೇ ಬಂದುದು. ಇದಕ್ಕೂ ಕೊಡುವಿಕೆ ಎಂದೇ ಅರ್ಥ. ಲ್ಯಾಟಿನ್ ಮೂಲಕ ಬಂದ ಈ ಪದದ ಅರ್ಥವನ್ನು ಜರ್ಮನರು ತಮ್ಮ ‘ಗಿಫ್ಟ್’ ಶಬ್ದಕ್ಕೆ ಹೊಂದಿಸಿಕೊಂಡರು. ವಿಷವನ್ನು ನೇರವಾಗಿ ಹೆಸರಿಸಲು ಜನ ಅಂಜುವುದು ಸಹಜ. ಆದುದರಿಂದ ‘ಕೊಟ್ಟದ್ದು’ ಎಂಬ ಮರೆಮಾತೇ ಕಾಲಕ್ರಮದಲ್ಲಿ ವಿಷದ ಹೆಸರಾಗಿ ನಿಂತಿತು. ಇದು ಜರ್ಮನರೊಬ್ಬರ ರೀತಿಯಲ್ಲ. ಕುಡಿಯುವ ಪಾನೀಯ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೇ ಇಂಗ್ಲಿಷಿನ ‘ಪಾಯ್ಸನ್’ ಬಂದಿದೆ. ಕನ್ನಡದ ‘ಮದ್ದು’ ಔಷಧವೂ ಹೌದು. ‘ಮದ್ದು ಹಾಕಿದರು’ ಎಂದಾಗ ವಿಷವೂ ಹೌದು.

ಭಾಷೆಯ ಈ ಸಂದಿಗ್ಧದ ಹಿಂದೆ ವಿಜ್ಞಾನದ ಸತ್ಯವೊಂದು ಅಡಗಿದೆ. ಒಂದು ವಸ್ತು ವಿಷವಾಗುವುದೂ ಆಗದಿರುವುದೂ ಅದರ ಪ್ರಮಾಣವನ್ನು ಅವಲಂಬಿಸಿದೆಯೆಂದು ಪ್ಯಾರಾಸೆಲ್ಸಸ್ ಎಂಬ ವೈದ್ಯನು ೧೫೩೮ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದನು. ಹಾಗೆ ಬರೆಯುವಾಗ ಅವನು ‘ಗಿಫ್ಟ್’ ಮತ್ತು ‘ದೋಸಿಸ್’ ಎರಡನ್ನೂ ಬಳಸಿದನು. ಮೂಲದಲ್ಲಿ ಒಂದೇ ಅರ್ಥವಿದ್ದ ಮಾತುಗಳಲ್ಲಿ ಒಂದು ವಿಷವಾಗಿಯೂ ಇನ್ನೊಂದು ಅದರ ಅಳತೆಯಾಗಿಯೂ ನಿಂತವು! ಅವನ ಮಾತಿಗೆ ನಮ್ಮ ಕಾಲದ ನಿದರ್ಶನ ವಾರ್ಫರಿನ್. ಇಲಿಪಾಷಾಣವಾಗಿ ಬಳಕೆಗೆ ಬಂದ ಈ ವಸ್ತುವನ್ನು ೧೯೫೪ರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವಾಗಿ ಮನುಷ್ಯರಿಗೂ ಕೊಡುತ್ತಿದ್ದಾರೆ.

‘ದೋಸಿಸ್’ ನಮಗೆ ಪರಕೀಯವಲ್ಲ. ಸಂಸ್ಕೃತದ ‘ದಾ’ ಧಾತುವೂ ಅದರ ಧಾತುವೂ ಒಂದೇ ಮೂಲದವು. ನಾವು ದಿನವೂ ಆಡುವ ದಾನ, ದತ್ತು ಎಂಬ ಮಾತುಗಳು ಅದರ ಬಂಧುಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಈ ನಂಟನ್ನು ವಿಲಿಯಂ ಜೋನ್ಸ್ ೧೭೮೬ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಭೆಯಲ್ಲಿ ಸಾರಿದನು. ಆದರೆ ‘ಗಿಫ್ಟ್’ ಶಬ್ದದ ಧಾತುವೇ ಬೇರೆ. ಅರ್ಥ ಒಂದಾದ ಮಾತ್ರಕ್ಕೆ ಮೂಲ ಒಂದಾಗಬೇಕಿಲ್ಲ. ರೂಪ ಒಂದಾದ ಮಾತ್ರಕ್ಕೆ ಅರ್ಥ ಒಂದಾಗಬೇಕಿಲ್ಲ.

ದೇಶದಿಂದ ದೇಶಕ್ಕೆ ಸಾಗುವ ಸೀಸೆಗಳ ವಿಷಯದಲ್ಲಿ ಇದು ಜೀವನ್ಮರಣದ ಪ್ರಶ್ನೆ. ಅದಕ್ಕೆಂದೇ ವಿಶ್ವಸಂಸ್ಥೆಯು ೨೦೦೩ರಲ್ಲಿ ಪ್ರಕಟಿಸಿದ ರಾಸಾಯನಿಕ ವಸ್ತುಗಳ ಗುರುತು ಪದ್ಧತಿಯಲ್ಲಿ, ಘೋರವಾದ ವಿಷಗಳಿಗೆ ತಲೆಬುರುಡೆ ಮತ್ತು ಎರಡು ಮೂಳೆಗಳ ಚಿತ್ರವನ್ನು ಗೊತ್ತುಮಾಡಿದೆ. ಅಕ್ಷರ ಬಾರದವನಿಗೂ ಅದು ಎಚ್ಚರಿಕೆ ಹೇಳುತ್ತದೆ.