ಗೂಗಲ್‌ಗೆ ನಮ್ಮ ಹಾಳೆ ತಟ್ಟೆ ಯಾಕೆ ಕಾಣಿಸಲಿಲ್ಲ?

ಇಂಟರ್ನಲ್ಸ್ ಮುಗಿದ ದಿನ ಹಾಸ್ಟೆಲ್‌ನಲ್ಲಿ ನಮ್ಮ ಗೆಳೆಯನೊಬ್ಬ ಒಂದು ಪ್ರಶ್ನೆ ತಂದ. ಅವನ ಅಪ್ಪ ತೀರ್ಥಹಳ್ಳಿ ಕಡೆ ಅಡಿಕೆ ಹಾಳೆ ತಟ್ಟೆ ಮಾಡೋ ಸಣ್ಣ ಘಟಕ ನಡೆಸ್ತಾರೆ. 4 ಮಷೀನು, 6 ಜನ ಕೆಲಸದವರು. ಒಂದೂವರೆ ವರ್ಷದ ಹಿಂದೆ ವೆಬ್‌ಸೈಟ್ ಮಾಡಿಸಿದ್ರು. ಅದನ್ನ ನೋಡಿ ಇದುವರೆಗೆ ಒಬ್ಬರೂ ಫೋನ್ ಮಾಡಿಲ್ಲ. ಈಗ ಯಾರೋ ಕರೆ ಮಾಡಿ, "30,000 ರೂಪಾಯಿ ಕೊಡಿ, 3 ತಿಂಗಳಲ್ಲಿ ಗೂಗಲ್‌ನ ಮೊದಲ ಪುಟಕ್ಕೆ ತರ್ತೀವಿ, ಗ್ಯಾರಂಟಿ" ಅಂದಿದ್ದಾರಂತೆ. ಅಪ್ಪ ಕೇಳ್ತಿದ್ದಾರೆ, "ನೀವೆಲ್ಲ ಇಂಜಿನಿಯರಿಂಗ್ ಓದೋರು, ಹೇಳಿ, ಕೊಡೋದಾ ಬೇಡ್ವಾ?"

ಗ್ಯಾರಂಟಿ ವಿಷಯಕ್ಕೆ ಉತ್ತರ ಸುಲಭ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಬರೆದಿದೆ. ಆದ್ರೆ ಸೈಟ್ ಯಾಕೆ ಕಾಣಿಸ್ತಿಲ್ಲ ಅನ್ನೋದು ನಮಗೂ ಗೊತ್ತಿರಲಿಲ್ಲ. ಎರಡು ವೀಕೆಂಡ್ ಕೂತು ಹುಡುಕಿದ್ವಿ. ನಿಮ್ಮ ಮನೆಯಲ್ಲೋ ಊರಲ್ಲೋ ಇಂಥದ್ದೇ ಒಂದು ಸೈಟ್ ಇರಬಹುದು ಅಂತ, ಹುಡುಕಿದ ಕ್ರಮದಲ್ಲೇ ಇಲ್ಲಿ ಬರೀತಿದ್ದೀವಿ.

ಮೊದಲು ಪವರ್ ಸಪ್ಲೈ ನೋಡಿ

ಲ್ಯಾಬ್‌ನಲ್ಲಿ ಔಟ್‌ಪುಟ್ ಬರದಿದ್ರೆ ಮೇಡಂ ಕೇಳೋ ಮೊದಲ ಪ್ರಶ್ನೆ: "ಸಪ್ಲೈ ಆನ್ ಇದೆಯಾ?" ನಾವು ಮಾತ್ರ ನೇರವಾಗಿ ಐಸಿ ಸುಟ್ಟಿದೆ ಅಂತ ತೀರ್ಮಾನ ಮಾಡಿರ್ತೀವಿ. ಸರ್ಚ್ ವಿಷಯದಲ್ಲೂ ಇದೇ ತಪ್ಪು.

ಸರ್ಚ್ ಎಂಜಿನ್ ಮೂರು ಕೆಲಸ ಮಾಡುತ್ತೆ. ಒಂದು, ಅದರ ಬಾಟ್ ಲಿಂಕ್‌ಗಳನ್ನ ಹಿಡಿದು ಬಂದು ಪುಟವನ್ನ ತಗೊಂಡು ಹೋಗುತ್ತೆ. ಇದು ಕ್ರಾಲಿಂಗ್. ಎರಡು, ಪುಟದಲ್ಲಿ ಏನಿದೆ ಅಂತ ಓದಿ ತನ್ನ ದೊಡ್ಡ ಪಟ್ಟಿಗೆ ಸೇರಿಸುತ್ತೆ. ಇದು ಇಂಡೆಕ್ಸಿಂಗ್. ಮೂರು, ಯಾರಾದ್ರೂ ಹುಡುಕಿದಾಗ ಪಟ್ಟಿಯಿಂದ ಆರಿಸಿ ಸಾಲಾಗಿ ತೋರಿಸುತ್ತೆ. ಇದೇ ರ್‍ಯಾಂಕಿಂಗ್. ಸೈಟ್ ಪಟ್ಟಿಗೇ ಸೇರಿಲ್ಲ ಅಂದ್ರೆ ರ್‍ಯಾಂಕ್ ಬಗ್ಗೆ ಮಾತಾಡಿ ಏನೂ ಪ್ರಯೋಜನ ಇಲ್ಲ. ಪರೀಕ್ಷೆಗೇ ಕೂರದವನ ಮಾರ್ಕ್ಸ್ ಯಾಕೆ ಕಮ್ಮಿ ಅಂತ ಕೇಳಿದ ಹಾಗೆ.

ಗೆಳೆಯನ ಅಪ್ಪ ಮಾತ್ರ, "ನಾನು ಹುಡುಕಿದ್ರೆ ಬರುತ್ತಲ್ಲ" ಅಂದ್ರು. ಕೇಳಿದ್ರೆ, ಅವರು ಸೈಟಿನ ಪೂರ್ತಿ ವಿಳಾಸವನ್ನೇ ಟೈಪ್ ಮಾಡ್ತಿದ್ರು! ಅದು ಹುಡುಕಾಟ ಅಲ್ಲ, ಸೀದಾ ಮನೆಗೆ ಹೋಗೋದು.

ಮರೆತುಹೋದ ಒಂದು ಟಿಕ್

ಗೂಗಲ್‌ನಲ್ಲಿ 'ಸೈಟ್' ಅನ್ನೋ ಪದ ಇಂಗ್ಲಿಷಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ವಿಳಾಸ ಕೊಟ್ರೆ ಆ ಸೈಟಿನ ಯಾವ ಪುಟಗಳು ಪಟ್ಟಿಯಲ್ಲಿವೆ ಅಂತ ಸುಮಾರಾಗಿ ಗೊತ್ತಾಗುತ್ತೆ. ನಮಗೆ ಬಂದ ಉತ್ತರ: ಸೊನ್ನೆ.

ಇದಕ್ಕಿಂತ ನಂಬಬಹುದಾದ ಸಾಧನ ಗೂಗಲ್ ಸರ್ಚ್ ಕನ್ಸೋಲ್. ಪುಕ್ಕಟೆ. ಸೈಟ್ ನಮ್ಮದೇ ಅಂತ ದೃಢಪಡಿಸಿ ಒಳಗೆ ಹೋದ್ರೆ, ಯಾವ ಪುಟ ಪಟ್ಟಿಗೆ ಸೇರಿಲ್ಲ, ಯಾಕೆ ಸೇರಿಲ್ಲ ಅಂತ ಅದೇ ಹೇಳುತ್ತೆ. ನಮ್ಮ ಎಲ್ಲ ಪುಟಗಳ ಮುಂದೂ ಒಂದೇ ಕಾರಣ: 'ನೋಇಂಡೆಕ್ಸ್'. ಅಂದ್ರೆ ಸೈಟೇ ಗೂಗಲ್‌ಗೆ "ನನ್ನನ್ನ ಸೇರಿಸಬೇಡ" ಅಂತ ಹೇಳ್ತಿತ್ತು.

ಸೈಟ್ ವರ್ಡ್‌ಪ್ರೆಸ್‌ನದ್ದು. ಅದರ ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದಲ್ಲಿ ಸರ್ಚ್ ಎಂಜಿನ್‌ಗಳನ್ನ ದೂರ ಇಡೋಕೆ ಒಂದು ಟಿಕ್ ಇರುತ್ತೆ. ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟ ಹೊರಗೆ ಕಾಣಬಾರದು ಅಂತ ಹಾಕ್ತಾರೆ. ಮಾಡಿಕೊಟ್ಟವರು ತೆಗೆಯೋಕೆ ಮರೆತಿದ್ರು. ಒಂದೂವರೆ ವರ್ಷದ ಸಮಸ್ಯೆಗೆ ಕಾರಣ ಒಂದು ಟಿಕ್! ತೆಗೆದು, ಕನ್ಸೋಲ್‌ನಲ್ಲಿ ಮತ್ತೆ ಸೇರಿಸಿಕೊಳ್ಳಿ ಅಂತ ಕೋರಿಕೆ ಹಾಕಿದ್ವಿ. ಕೆಲವು ದಿನಕ್ಕೆ ಪುಟಗಳು ಪಟ್ಟಿಗೆ ಬಂದ್ವು.

ಇಲ್ಲೊಂದು ಎಚ್ಚರಿಕೆ. ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಅನ್ನೋ ಇನ್ನೊಂದು ಫೈಲ್ ಇದೆ. ಅದು ಬಾಟ್‌ಗೆ "ಒಳಗೆ ಬರಬೇಡ" ಅನ್ನುತ್ತೆ; ನೋಇಂಡೆಕ್ಸ್ "ಬಾ, ಆದ್ರೆ ಪಟ್ಟಿಗೆ ಹಾಕಬೇಡ" ಅನ್ನುತ್ತೆ. ಎರಡೂ ಒಂದೇ ಅಲ್ಲ. ಬಾಗಿಲೇ ಮುಚ್ಚಿದ್ರೆ ಒಳಗೆ ಅಂಟಿಸಿರೋ ಚೀಟಿಯನ್ನ ಬಾಟ್ ಓದೋಕೇ ಆಗಲ್ಲ.

ಕನ್ನಡ ಇತ್ತು, ಆದ್ರೆ ಕನ್ನಡ ಇರಲಿಲ್ಲ

ಪಟ್ಟಿಗೆ ಸೇರಿದ ಮೇಲೂ 'ಅಡಿಕೆ ಹಾಳೆ ತಟ್ಟೆ' ಅಂತ ಹುಡುಕಿದ್ರೆ ನಮ್ಮ ಸೈಟ್ ಎಲ್ಲೂ ಇಲ್ಲ. ನಮಗೆ ಆಶ್ಚರ್ಯ. ಯಾಕಂದ್ರೆ ಸೈಟಲ್ಲಿ ಒಂದು ಚೆಂದದ ಕನ್ನಡ ಪುಟ ಇತ್ತು, ಗೆಳೆಯನ ಅಮ್ಮ ಬರೆದದ್ದು. ಬಿದ್ದ ಹಾಳೆ ಆರಿಸೋದು, ತೊಳೆದು ನೆನೆಸೋದು, ಬಿಸಿ ಅಚ್ಚಿನಲ್ಲಿ ಒತ್ತೋದು, ಅಂಚು ಕತ್ತರಿಸೋದು, ಎಲ್ಲ ವಿವರವಾಗಿತ್ತು. ಇಡೀ ಸೈಟಲ್ಲಿ ಅದೇ ಒಳ್ಳೆ ಪುಟ.

ಆ ಪುಟದಿಂದ ಎರಡು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದ್ವಿ. ಬಂದದ್ದು ಕನ್ನಡ ಅಲ್ಲ. ತಲೆ ಮೇಲೆ ಗೀಟಿರೋ ಇಂಗ್ಲಿಷ್ 'ಎ', ಪೌಂಡ್ ಚಿಹ್ನೆ, ಎಂಥೆಂಥದ್ದೋ ಅಕ್ಷರಗಳು.

ವಿಷಯ ಏನಂದ್ರೆ, ಅಮ್ಮ ಬರೆದದ್ದನ್ನ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಕರಪತ್ರಕ್ಕೆ ಅಂತ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ರು. ಆ ವಿಧಾನದಲ್ಲಿ ಕಂಪ್ಯೂಟರ್ ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ತೊಡಿಸುತ್ತೆ ಅಷ್ಟೇ. 'ಕನ್ನಡ' ಅನ್ನೋ ಪದ ಒಳಗೆ 'ಪಿ'ಯಿಂದ ಶುರುವಾಗುತ್ತೆ. ಮಧ್ಯದಲ್ಲಿ ಪೌಂಡ್ ಚಿಹ್ನೆ ಬರುತ್ತೆ. ಪ್ರಿಂಟ್‌ಗೆ ಇದರಿಂದ ಏನೂ ತೊಂದರೆ ಇಲ್ಲ. ಅದೇ ಫೈಲನ್ನ ಫಾಂಟ್ ಸಮೇತ ಸೈಟಿಗೆ ಹಾಕಿದ್ರು. ನಮ್ಮ ಕಣ್ಣಿಗೆ ಕನ್ನಡ. ಗೂಗಲ್ ಓದೋದು ಅಕ್ಷರದ ಚಿತ್ರ ಅಲ್ಲ, ಸಂಕೇತ. ಯೂನಿಕೋಡ್‌ನಲ್ಲಿ ಕನ್ನಡಕ್ಕೇ ಬೇರೆ ಜಾಗ ಇದೆ. ಹುಡುಕೋರು ಮೊಬೈಲ್‌ನಲ್ಲಿ ಟೈಪ್ ಮಾಡೋದು ಆ ಸಂಕೇತಗಳನ್ನ. ಎರಡೂ ಯಾವತ್ತೂ ಹೊಂದಲ್ಲ. ಅಮ್ಮ ಬರೆದ ಒಂದಕ್ಷರವೂ ಗೂಗಲ್‌ಗೆ ಅರ್ಥ ಆಗಿರಲಿಲ್ಲ.

ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿ, ಒತ್ತಕ್ಷರ, ಅರ್ಕಾವತ್ತು ತಪ್ಪಿದ ಕಡೆ ಕೈಯಲ್ಲಿ ತಿದ್ದಿದ್ವಿ. ಶಾಲೆಯಿಡೀ ಇಂಗ್ಲಿಷ್ ಮೀಡಿಯಂ ಓದಿದ ನಮಗೆ ಇದೇ ಎರಡು ಸಂಜೆ ಹಿಡೀತು.

ಇದೇ ಗುಂಪಿಗೆ ಸೇರೋ ಇನ್ನೊಂದು ತಪ್ಪು: ತಟ್ಟೆಗಳ ಅಳತೆ, ದರ ಎಲ್ಲ ಒಂದೇ ಫೋಟೋ ಆಗಿತ್ತು. ಫೋಟೋದಲ್ಲಿರೋ ಅಕ್ಷರದ ಮೇಲೆ ಭರವಸೆ ಇಡಬಾರದು. ಅದನ್ನ ಮಾಮೂಲಿ ಟೇಬಲ್ ಮಾಡಿದ್ವಿ. 5 ಎಂಬಿಯ ಫೋಟೋಗಳನ್ನೂ ಚಿಕ್ಕದು ಮಾಡಿದ್ವಿ. ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಿಸಬೇಕು ಅನ್ನೋದು ಗೂಗಲ್ ಹಾಕಿರೋ ಅಳತೆ. ಆದ್ರೆ ವೇಗ ಒಂದೇ ಯಾರನ್ನೂ ಮೇಲೆ ತರಲ್ಲ.

ಜನ ಹೇಗೆ ಕೇಳ್ತಾರೆ?

ಮೂರನೇ ಹಂತಕ್ಕೆ ಈಗ ಬಂದ್ವಿ. ಎಲ್ಲ ಪುಟಗಳ ಶೀರ್ಷಿಕೆಯೂ 'ಹೋಮ್'. ಒಳಗೆ 'ಇಕೋ ಫ್ರೆಂಡ್ಲಿ ಡೈನಿಂಗ್ ಸೊಲ್ಯೂಷನ್ಸ್'. ಮದುವೆಗೆ ತಟ್ಟೆ ಬೇಕಾದವರು ಯಾರಾದ್ರೂ ಹಾಗೆ ಹುಡುಕ್ತಾರಾ? 'ಹಾಳೆ ತಟ್ಟೆ', 'ಅರೆಕಾ ಪ್ಲೇಟ್ 10 ಇಂಚು ರೇಟ್' ಅಂತ ಹುಡುಕ್ತಾರೆ. ಪ್ರತಿ ಪುಟಕ್ಕೂ ಅದರಲ್ಲಿ ಇರೋದನ್ನೇ ಹೇಳೋ ಶೀರ್ಷಿಕೆ ಕೊಟ್ವಿ. ಕೀವರ್ಡ್ ಮೆಟಾ ಟ್ಯಾಗ್‌ನಲ್ಲಿ ಪದ ತುಂಬೋದು ದಂಡ; ಅದನ್ನ ರ್‍ಯಾಂಕಿಂಗ್‌ಗೆ ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಆಮೇಲೆ ಲಿಂಕ್. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಮುಂದಿಟ್ಟ ಪೇಜ್‌ರ್‍ಯಾಂಕ್ ವಿಚಾರ ಸರಳ: ಬೇರೆಯವರು ಕೊಡೋ ಲಿಂಕ್ ಒಂದು ಓಟು, ತೂಕ ಇರೋರ ಓಟಿಗೆ ತೂಕ ಜಾಸ್ತಿ. ಲೆಕ್ಕ ನಾವು ಮ್ಯಾಥ್ಸ್‌ನಲ್ಲಿ ಬೈಕೊಂಡು ಓದಿದ ಐಗನ್ ವೆಕ್ಟರ್! ನಮ್ಮ ಸೈಟಿಗೆ ಒಂದು ಓಟೂ ಇರಲಿಲ್ಲ. ದುಡ್ಡು ಕೊಟ್ಟು ಲಿಂಕ್ ಕೊಳ್ಳೋದು ಗೂಗಲ್ ನಿಯಮಕ್ಕೆ ವಿರುದ್ಧ. ಹಾಗಾಗಿ ತಟ್ಟೆ ತಗೊಳ್ಳೋ ಅಡುಗೆ ಕಂಟ್ರಾಕ್ಟರ್‌ಗಳಲ್ಲಿ ಸೈಟ್ ಇರೋರನ್ನ ಕೇಳಿದ್ವಿ. ಇಬ್ಬರು ಹಾಕಿದ್ರು.

ಮ್ಯಾಪ್‌ನಲ್ಲಿ ಬಿಸಿನೆಸ್ ಪ್ರೊಫೈಲ್ ಕೂಡ ತೆರೆದ್ವಿ. ಊರಿನ ಹತ್ತಿರದ ಹುಡುಕಾಟದಲ್ಲಿ ಗೂಗಲ್ ನೋಡೋದು ಮೂರು: ಕೇಳಿದ್ದಕ್ಕೆ ಹೊಂದುತ್ತಾ, ಎಷ್ಟು ದೂರ, ಎಷ್ಟು ಹೆಸರುವಾಸಿ. ಸಣ್ಣ ಘಟಕ ಗೆಲ್ಲೋಕೆ ಆಗೋದು ಮೊದಲೆರಡರಲ್ಲಿ.

ಈಗ ಏನಾಗಿದೆ

ಎರಡು ತಿಂಗಳಾಯ್ತು. 'ಹಾಳೆ ತಟ್ಟೆ' ಜೊತೆ ಊರಿನ ಹೆಸರು ಹಾಕಿದ್ರೆ ಮೊದಲ ಪುಟದಲ್ಲಿ ಬರುತ್ತೆ. 'ಅರೆಕಾ ಪ್ಲೇಟ್ ಹೋಲ್‌ಸೇಲ್' ಅಂದ್ರೆ ಈಗಲೂ ನಾಲ್ಕನೇ ಪುಟ. ಅಲ್ಲಿ ದೊಡ್ಡ ಮಾರಾಟ ತಾಣಗಳಿವೆ. ಅದು ನಿಜವಾದ ರ್‍ಯಾಂಕಿಂಗ್ ಸಮಸ್ಯೆ, ಅದಕ್ಕೆ ಸಮಯ ಬೇಕು. ಮೊದಲಿನದ್ದು ರ್‍ಯಾಂಕಿಂಗ್ ಸಮಸ್ಯೆಯೇ ಆಗಿರಲಿಲ್ಲ. ಆ 30,000 ಕೊಟ್ಟಿದ್ರೂ, ಟಿಕ್ ತೆಗೆಯದೆ ಏನೂ ಆಗ್ತಿರಲಿಲ್ಲ.

ಮೂರು ಫೋನ್ ಬಂದಿವೆ. ಒಂದು ಶಿವಮೊಗ್ಗದಿಂದ, ಗೃಹಪ್ರವೇಶಕ್ಕೆ 500 ತಟ್ಟೆ. ಫೋನ್ ಮಾಡಿದವರು ಅಮ್ಮ ಬರೆದ ಪುಟ ಓದಿದ್ರಂತೆ. ಅದನ್ನ ಅಮ್ಮ ಈಗ ಸಿಕ್ಕವರಿಗೆಲ್ಲ ಹೇಳ್ತಿದ್ದಾರೆ.

ನಿಮ್ಮ ಮನೆ ಕಡೆ ಸೈಟ್ ಇದ್ರೆ ಇವತ್ತೇ ಒಂದು ಕೆಲಸ ಮಾಡಿ: ಅದರ ಕನ್ನಡ ಪುಟದಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಕನ್ನಡ ಬರಲಿಲ್ಲ ಅಂದ್ರೆ ಕ್ಲಬ್‌ಗೆ ಬನ್ನಿ, ಒಟ್ಟಿಗೆ ಕೂತು ಸರಿ ಮಾಡೋಣ.